ನಾಲ್ಕು ಚಮಚ ನುಚ್ಚು

ಆಪರೇಷನ್ ಆಗಿ ಐದನೇ ವಾರಕ್ಕೆ ಊರಿಗೆ ಹೋದೆ. ರೋಣದಿಂದ ಗಜೇಂದ್ರಗಡಕ್ಕೆ ಹೋಗೋ ದಾರಿಯಲ್ಲಿ, ಎರಿ ಹೊಲಗಳ ನಡುವೆ ನಮ್ಮೂರು. ಅವ್ವ ಗಂಗಾಳದಲ್ಲಿ ಜೋಳದ ನುಚ್ಚು ಹಾಕಿ, ಮೇಲೆ ಮಜ್ಜಿಗೆ ಸುರಿದು ಕೊಟ್ಟಳು. ನಾಲ್ಕು ಚಮಚ ಉಂಡೆ. ಎದೆಯ ಕೆಳಗೆ ಯಾರೋ ಒಳಗಿಂದ ಅಂಗೈ ಒತ್ತಿ ಹಿಡಿದಂತಾಯಿತು. ಸಾಕು ಅಂದೆ.

"ನಾಕ ಚಮಚಾ ನುಚ್ಚ ಉಂಡ್ರ ಜೀವಾ ಹೆಂಗ ನಿಂದರತೈತೋ ಯಪ್ಪಾ?"

ಉಳಿದದ್ದನ್ನು ಅವಳು ಚೆಲ್ಲಲಿಲ್ಲ. ಗಂಗಾಳ ಎತ್ತಿಕೊಂಡು ಒಲೆ ಮುಂದೆ ಕೂತು ತಾನೇ ಉಂಡಳು. ನಮ್ಮ ಮನೆಯಲ್ಲಿ ಗಂಗಾಳದಲ್ಲಿ ಅಗಳು ಬಿಡೋ ಪದ್ಧತಿ ಇಲ್ಲ. ಅಜ್ಜಿ ಇದ್ದಾಗಲಂತೂ ಬಿಟ್ಟ ಒಂದೊಂದು ತುತ್ತಿಗೂ ಬೈಗುಳ ತಿನ್ನಬೇಕಿತ್ತು. ನಾನು ಎಂಜಿನಿಯರಿಂಗ್ ಓದುವಾಗ ರಜೆಗೆ ಬಂದರೆ ಒಂದೇ ಹೊತ್ತಿಗೆ ಆರು ರೊಟ್ಟಿ ಉಣ್ಣುತ್ತಿದ್ದೆ. ಅದನ್ನು ಅಜ್ಜಿ ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು, ನಾನು ರ್‍ಯಾಂಕ್ ಬಂದವನ ಹಾಗೆ.

ಆ ಆರು ರೊಟ್ಟಿ, ಆಮೇಲೆ ಬೆಂಗಳೂರಿನ ಕುರ್ಚಿ, ರಾತ್ರಿ ಹನ್ನೊಂದರ ಬಿರಿಯಾನಿ ಆರ್ಡರು, ಅಮೆರಿಕದವರ ಜೊತೆಗಿನ ಕಾಲ್‌ಗಳು. 34ನೇ ವಯಸ್ಸಿಗೆ 128 ಕಿಲೋ, ಜೊತೆಗೆ ಶುಗರ್. ಡಯಟ್, ಜಿಮ್, ಎಲ್ಲ ಎರಡೆರಡು ಸಲ ಆಗಿತ್ತು. ಕೊನೆಗೆ ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಅಂದರೆ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದು, ಉದ್ದಕ್ಕೆ ಬಾಳೆಕಾಯಿಯಂಥ ಒಂದು ಕೊಳವೆ ಉಳಿಸುತ್ತಾರೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸೋಕೆ ಬರೋದಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ರೋಲ್‌ಬ್ಯಾಕ್ ಇಲ್ಲ.

ಆಪರೇಷನ್ ಬಗ್ಗೆ ಯಾರೂ ಹೆಚ್ಚು ಹೆದರಿಸಬೇಕಿಲ್ಲ, ಅದು ಒಂದೆರಡು ತಾಸಿನ ಕೆಲಸ. ಕಷ್ಟ ಇರೋದು ಆಮೇಲಿನ ಊಟದಲ್ಲಿ. ಮೊದಲು ನೀರು, ತಿಳಿ ಸಾರು, ಅದೂ ಒಂದು ಸಲಕ್ಕೆ 30 ಮಿಲಿ. ಆಮೇಲೆ ಹಾಲು ಮಜ್ಜಿಗೆಯಂಥ ದ್ರವ, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು. ಗಟ್ಟಿ ಊಟಕ್ಕೆ ಬರೋ ಹೊತ್ತಿಗೆ ಹೆಚ್ಚೂಕಡಿಮೆ ಎರಡು ತಿಂಗಳು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ತಾಸು ಬಿಟ್ಟು ಕುಡಿಯಬೇಕು. ಈ ಪಟ್ಟಿಯನ್ನು ಅವ್ವನಿಗೆ ಓದಿ ಹೇಳಿದಾಗ ಅವಳು ಒಂದೇ ಮಾತಲ್ಲಿ ಮುಗಿಸಿದಳು: "ಕೂಸಿಗೆ ಉಣಸೂದು ಕಲಸಿದಂಗ." ಡಯಟಿಷಿಯನ್ ಎರಡು ಪುಟದಲ್ಲಿ ಹೇಳಿದ್ದು ಇಷ್ಟೇ.

ಊರಲ್ಲಿ ನೆಟ್ವರ್ಕ್ ಕಡಿಮೆ, ರಜೆ ಉದ್ದ. ಮಲಗಿ ಮಲಗಿ ನನಗೆ ಒಂದು ಪ್ರಶ್ನೆ ಹತ್ತಿಕೊಂಡಿತು. ಖಾಲಿ ಗಂಗಾಳ ನೋಡಿದರೆ ಸಮಾಧಾನ, ತುಂಬಿದ ಗಂಗಾಳ ವಾಪಸ್ ಬಂದರೆ ಹೆದರಿಕೆ, ಇದು ನಮ್ಮ ಹೆಂಗಸರಿಗೆ ಎಲ್ಲಿಂದ ಬಂತು?

1876ರಲ್ಲಿ ನಮ್ಮ ಕಡೆ ಮಳೆ ಕೈಕೊಟ್ಟಿತು. ಪಂಚಾಂಗದ ಪ್ರಕಾರ ಧಾತು ಸಂವತ್ಸರ, ಮುಂದಿನದು ಈಶ್ವರ. ಹಾಗಾಗಿ ಜನ ಅದನ್ನು ಧಾತು ಈಶ್ವರ ಬರ ಅಂತಲೇ ಕರೆದರು. ಆಗ ರೋಣ, ನರಗುಂದ, ಗಜೇಂದ್ರಗಡ ಎಲ್ಲ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಪಕ್ಕದ ಕಲಾದಗಿ ಜಿಲ್ಲೆ, ಅಂದರೆ ಈಗಿನ ವಿಜಯಪುರ, ಬಾಗಲಕೋಟೆ ಕಡೆ ಇನ್ನೂ ಕೆಟ್ಟ ಸ್ಥಿತಿ. ನರಗುಂದದ ಬಾಬಾಸಾಹೇಬ ದಂಗೆ ಎದ್ದು, ಬೆಳಗಾವಿಯಲ್ಲಿ ನೇಣಿಗೇರಿ ಆಗಿನ್ನೂ ಹದಿನೆಂಟು ವರ್ಷ. ಆ ದಂಗೆಯ ಬಗ್ಗೆ ನಮಗೆ ಶಾಲೆಯಲ್ಲಿ ಪಾಠ ಇತ್ತು, ಬರದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಸರಕಾರ ಪರಿಹಾರ ಕಾಮಗಾರಿ ತೆಗೆಯಿತು. ಕಲ್ಲು ಒಡಿ, ರಸ್ತೆ ಮಾಡು, ಕೂಲಿ ತಗೋ. ಆ ಕೂಲಿಯ ಲೆಕ್ಕ ಹಾಕಲು 1877ರ ಜನವರಿಯಲ್ಲಿ ಬಂದವನು ರಿಚರ್ಡ್ ಟೆಂಪಲ್. ಖರ್ಚು ಉಳಿಸೋದು ಅವನ ಕೆಲಸ. ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಉಪ್ಪು ಮೆಣಸಿನಕಾಯಿಗೆ ಒಂದಿಷ್ಟು ಚಿಲ್ಲರೆ ಕಾಸು ಸಾಕು ಅಂತ ತೀರ್ಮಾನಿಸಿದ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ನಾನು ರಜೆಯಲ್ಲಿ ಒಂದೇ ಹೊತ್ತಿಗೆ ಉಣ್ಣುತ್ತಿದ್ದ ಆರು ರೊಟ್ಟಿಯ ಹಿಟ್ಟು ಹೆಚ್ಚೂಕಡಿಮೆ ಅಷ್ಟೇ ಆಗುತ್ತದೆ. ಅದರಲ್ಲಿ ಒಬ್ಬ ಇಡೀ ದಿನ ಕಲ್ಲು ಒಡೆಯಬೇಕಿತ್ತು.

ಇದನ್ನು ಸರಕಾರದ ಒಳಗಿಂದಲೇ ವಿರೋಧಿಸಿದವನು ಮದರಾಸಿನ ಸ್ಯಾನಿಟರಿ ಕಮಿಷನರ್ ಡಬ್ಲ್ಯೂ. ಆರ್. ಕಾರ್ನಿಶ್. ಒಂದೂವರೆ ಪೌಂಡ್ ಆದರೂ ಬೇಕು, ಬರೀ ಧಾನ್ಯ ಸಾಲದು, ಬೇಳೆ ತರಕಾರಿ ಬೇಕು ಅಂತ ಅವನ ವಾದ. ಮುಂಬಯಿ ಪ್ರಾಂತ್ಯದಲ್ಲಿ ಕೂಲಿಗಳು ಕೆಲಸ ಬಿಟ್ಟು ಮುಷ್ಕರ ಹೂಡಿದರು, ಪುಣೆಯ ಸಾರ್ವಜನಿಕ ಸಭಾ ಅವರ ಪರ ಬರೆಯಿತು. ಮದರಾಸಿನಲ್ಲಿ ಆ ಪಡಿ ಕೆಲವೇ ತಿಂಗಳಲ್ಲಿ ಬದಲಾಯಿತು. ಅಷ್ಟರೊಳಗೆ ಶಿಬಿರಗಳಲ್ಲಿ ಸಾಯುವವರು ಸತ್ತಿದ್ದರು.

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಶಿಬಿರಕ್ಕೆ ಬಂದು, ಊಟ ಸಿಕ್ಕ ಮೇಲೂ ಜನ ಸಾಯುತ್ತಿದ್ದರು. ಮದರಾಸಿನ ಶಿಬಿರದಲ್ಲಿ ನೂರಾರು ಶವಪರೀಕ್ಷೆ ಮಾಡಿದ ಅಲೆಕ್ಸಾಂಡರ್ ಪೋರ್ಟರ್ ಎಂಬ ವೈದ್ಯ 1889ರಲ್ಲಿ ಆ ಬಗ್ಗೆ ಪುಸ್ತಕವನ್ನೇ ಬರೆದ. ಬಹಳ ದಿನ ಉಪವಾಸ ಬಿದ್ದವರ ಕರುಳಿನ ಗೋಡೆ ತೆಳ್ಳಗಾಗಿ ಸವೆದುಹೋಗಿರುತ್ತಿತ್ತು. ಅನ್ನ ಕೊಟ್ಟರೂ ಅರಗಿಸಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಹಸಿದವನಿಗೆ ಊಟ ಕೊಟ್ಟರೆ ಮುಗೀತು ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ಹೊಟ್ಟೆಗೆ ಮತ್ತೆ ಊಟ ಕಲಿಸಬೇಕು, ತಿಳಿ ಗಂಜಿಯಿಂದ ಶುರು ಮಾಡಿ.

ಬರ ಮುಗಿದ ಮೇಲೆ ಬಂದದ್ದು ರೈಲು. ಮುಂದಿನ ಬರದಲ್ಲಿ ಕಾಳು ಸಾಗಿಸಲು ಅಂತ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗದಿಂದ ಹೊಟಗಿಗೆ ಹಳಿ ಹಾಕಿತು. ರೋಣ ತಾಲೂಕಿನ ಹೊಳೆಆಲೂರು ಅದೇ ಹಳಿಯ ಮೇಲಿದೆ. ನಾನು ಬೆಂಗಳೂರಿಂದ ಅಲ್ಲಿಗೇ ಬಂದು ಇಳಿದದ್ದು, ಹೊಟ್ಟೆ ಹಿಡಿದುಕೊಂಡು, ಬ್ಯಾಗಲ್ಲಿ ಪ್ರೋಟೀನ್ ಪುಡಿಯ ಡಬ್ಬಿ ಇಟ್ಟುಕೊಂಡು.

ಆ ಬರ ಮುಗಿದು ಮೂರೇ ವರ್ಷಕ್ಕೆ, 1881ರ ಜನವರಿ 29ರಂದು, ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್ರೋತ್ ಎಂಬ ಸರ್ಜನ್ ಒಬ್ಬ ಹೆಣ್ಣುಮಗಳ ಜಠರದ ಕ್ಯಾನ್ಸರ್ ಗಡ್ಡೆಯನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕರುಳಿಗೆ ಹೊಲಿದ. ಥೆರೆಸಾ ಹೆಲ್ಲರ್, 43 ವರ್ಷ. ಜಠರ ಕತ್ತರಿಸಿಯೂ ರೋಗಿ ಎದ್ದು ಕೂತದ್ದು ಅದೇ ಮೊದಲು. ಆಪರೇಷನ್‌ಗೆ ಮೊದಲು ಆಕೆ ದಿನ ದೂಡಿದ್ದು ಹುಳಿ ಹಾಲಿನ ಮೇಲೆ, ಆಮೇಲೆ ಶುರು ಮಾಡಿದ್ದೂ ಅದರಿಂದಲೇ. ನಾನಿದನ್ನು ಓದಿದಾಗ ಕೈಯಲ್ಲಿ ಮಜ್ಜಿಗೆ ಲೋಟ ಇತ್ತು. ಸುಮ್ಮನೆ ನಗು ಬಂತು. ಆಕೆ ನಾಲ್ಕು ತಿಂಗಳು ಬದುಕಿದಳು, ಕ್ಯಾನ್ಸರ್ ಮತ್ತೆ ಬಂತು.

ಅಲ್ಲಿಂದ ತೂಕ ಇಳಿಸುವ ಆಪರೇಷನ್‌ವರೆಗಿನ ದಾರಿ ಉದ್ದ ಇದೆ, ಬೇಗ ಹೇಳಿಬಿಡುತ್ತೇನೆ. ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್, ಅಲ್ಸರ್‌ಗೆ ಅಂತ ಜಠರ ಕತ್ತರಿಸಿಕೊಂಡವರು ತೆಳ್ಳಗಾಗುವುದನ್ನು ಗಮನಿಸಿ, ಚಿಕಾಶಿ ಇಟೋ ಜೊತೆ 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಶುರು ಮಾಡಿದ. ಅದಕ್ಕಿಂತ ಮೊದಲೇ, 1950ರ ದಶಕದಲ್ಲಿ, ಮಿನೆಸೋಟಾ ವಿಶ್ವವಿದ್ಯಾಲಯದವರು ಸಣ್ಣ ಕರುಳನ್ನೇ ಅಡ್ಡದಾರಿ ಹಿಡಿಸುವ ಆಪರೇಷನ್ ಮಾಡಿದ್ದರು. ಯಕೃತ್ತು ಕೆಡುತ್ತಿದೆ ಅಂತ ಕೊನೆಗೆ ಅದನ್ನು ಕೈಬಿಟ್ಟರು. ತಮಾಷೆ ನೋಡಿ, ಹತ್ತು ವರ್ಷ ಹಿಂದೆ, 1944-45ರಲ್ಲಿ, ಅದೇ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಜನ ಗಂಡಸರನ್ನು ಅರೆಹೊಟ್ಟೆಯಲ್ಲಿಟ್ಟು, ಆಮೇಲೆ ಅವರಿಗೆ ಹೇಗೆ ಉಣಿಸಬೇಕು ಅಂತ ಪ್ರಯೋಗ ಮಾಡಿದ್ದ, ಯುದ್ಧದಲ್ಲಿ ಹಸಿದವರಿಗೆ ನೆರವಾಗಲಿ ಅಂತ. ಆ ಗಂಡಸರು ಹೊಟ್ಟೆ ಬಿರಿಯೆ ಉಂಡರೂ ತಿಂಗಳುಗಟ್ಟಲೆ ಹಸಿವು ಹಿಂಗಲಿಲ್ಲ ಅನ್ನುತ್ತಿದ್ದರಂತೆ. ನನ್ನದು ಅದರ ಉಲ್ಟಾ. ಹಸಿವಿನ ಸಂದೇಶ ಕಳಿಸುವ ಘ್ರೆಲಿನ್ ಎಂಬ ಹಾರ್ಮೋನನ್ನು ಜಪಾನಿನವರು 1999ರಲ್ಲಿ ಕಂಡುಹಿಡಿದರು. ಅದು ಹೆಚ್ಚಾಗಿ ತಯಾರಾಗೋದು ಜಠರದ ಮೇಲಿನ ಉಬ್ಬಿನಲ್ಲಿ, ಸ್ಲೀವ್ ಮಾಡುವಾಗ ಕತ್ತರಿಸಿ ತೆಗೆಯುವುದು ಅದನ್ನೇ. ಸ್ಲೀವ್ ಕೂಡ ಮೊದಲು ದೊಡ್ಡ ಆಪರೇಷನ್ ತಡೆದುಕೊಳ್ಳಲಾರದವರಿಗೆ ಮೊದಲ ಕಂತಾಗಿ ಮಾಡುತ್ತಿದ್ದದ್ದು. ಅಷ್ಟಕ್ಕೇ ತೂಕ ಇಳಿಯುತ್ತದೆ ಅಂತ ಗೊತ್ತಾಗಿ ಎರಡನೇ ಕಂತು ಎಷ್ಟೋ ಜನರಿಗೆ ಬೇಕಾಗಲಿಲ್ಲ.

ಹಸಿವೇ ಇಲ್ಲದ ಹೊಟ್ಟೆ ಇಟ್ಟುಕೊಂಡು ನಮ್ಮೂರಲ್ಲಿ ಬಾಳೋದು ಸುಲಭ ಅಲ್ಲ. ಏಳನೇ ವಾರಕ್ಕೆ ನರಗುಂದದಲ್ಲಿ ಬಳಗದವರ ಮದುವೆ. ಪಂಕ್ತಿಯಲ್ಲಿ ಕೂತೆ. ಗೋಧಿ ಹುಗ್ಗಿ ಬಂತು, ಬೇಡ ಅಂದೆ. ರೊಟ್ಟಿ, ಎಣ್ಣೆಗಾಯಿ ಬಂತು. "ಬೆಂಗ್ಳೂರಾಗ ಇದ್ದು ನಮ್ಮ ಊಟಾ ಹಿಡಸವಲ್ದೇನಪಾ?" ಅಂತ ದೊಡ್ಡಪ್ಪ ಅಂದರು. ಆ ಮಾತಿಗೆ ಅರ್ಧ ರೊಟ್ಟಿ ತಿಂದೆ, ಅವಸರದಲ್ಲಿ, ಮೇಲೆ ನೀರು ಬೇರೆ. ಹತ್ತು ನಿಮಿಷಕ್ಕೆ ಎದ್ದು ಪೆಂಡಾಲಿನ ಹಿಂದೆ ಓಡಿದೆ.

ಒಂದು ದಿನದ ವಾಂತಿಯಾಗಿದ್ದರೆ ಬರೆಯುತ್ತಿರಲಿಲ್ಲ. ಅದು ಒಂಬತ್ತು ದಿನ ನಿಲ್ಲಲಿಲ್ಲ. ಮಜ್ಜಿಗೆಯೂ ವಾಪಸ್. ಬೆಂಗಳೂರಿಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ತಪ್ಪು ನನ್ನದೇ ಅಂತ ನಾಚಿಕೆ. ಹತ್ತನೇ ದಿನ ಬೆಳಗ್ಗೆ ಅಂಗಾಲು ಜುಮುಜುಮು ಅನ್ನೋಕೆ ಶುರುವಾಯಿತು, ನಡೆದರೆ ಕಾಲು ತಪ್ಪುತ್ತಿತ್ತು. ತಾಲೂಕಿನ ಒಂದು ಸಣ್ಣ ದವಾಖಾನೆಗೆ ಕರೆದೊಯ್ದರು. "ಗ್ಲುಕೋಸ್ ಹಚ್ಚಿಬಿಡ್ರಿ ಸರ್, ಶಕ್ತಿ ಬರ್ತೈತಿ" ಅಂದ ನನ್ನ ಸೋದರಮಾವ. ಡಾಕ್ಟರು ಹಚ್ಚಲಿಲ್ಲ. ಡಿಸ್ಚಾರ್ಜ್ ಕಾಗದ ಕೇಳಿದರು, ಎರಡು ಸಲ ಓದಿದರು, ಎಷ್ಟು ದಿನದಿಂದ ವಾಂತಿ ಅಂತ ಕೇಳಿದರು. ಮೊದಲು ಬಿ-1 ಇಂಜೆಕ್ಷನ್, ಆಮೇಲೆ ಗ್ಲುಕೋಸ್ ಅಂದರು.

ಆ ಬಿ-1ಗೂ ಒಂದು ಕಥೆ ಇದೆ. ಬಿಲ್ರೋತ್ ಆಪರೇಷನ್ ಮಾಡಿದ ಅದೇ 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಮೂವರು ರೋಗಿಗಳ ಬಗ್ಗೆ ಬರೆದ. ಕಣ್ಣುಗುಡ್ಡೆ ಹೊರಳುತ್ತಿರಲಿಲ್ಲ, ನಡಿಗೆ ತೂರಾಡುತ್ತಿತ್ತು, ತಲೆ ಗೊಂದಲ. ಇಬ್ಬರು ಕುಡುಕರು. ಮೂರನೆಯವಳು ಒಬ್ಬ ಎಳೆಯ ದರ್ಜಿ ಹುಡುಗಿ. ಗಂಧಕಾಮ್ಲ ಕುಡಿದು, ಜಠರದ ಕೆಳಬಾಯಿ ಮುಚ್ಚಿಹೋಗಿ, ವಾಂತಿ ಮಾಡಿ ಮಾಡಿ ಆ ಸ್ಥಿತಿಗೆ ಬಂದವಳು. ಮೂವರೂ ಸತ್ತರು, ಏಕೆ ಅಂತ ಆಗ ತಿಳಿಯಲಿಲ್ಲ. 1890ರ ದಶಕದಲ್ಲಿ ಜಾವಾದಲ್ಲಿ ಐಕ್‌ಮನ್ ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಬಿದ್ದುಹೋಗುವುದನ್ನು ನೋಡಿದ. 1926ರಲ್ಲಿ ಅಕ್ಕಿಯ ತೌಡಿನಿಂದ ಥಯಾಮಿನ್ ಬೇರ್ಪಡಿಸಿದರು. ಅದೇ ಬಿ-1. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕೆ ಖಾಲಿ. ಸಕ್ಕರೆಯನ್ನು ಉರಿಸಲು ಅದೇ ಬೇಕು, ಹಾಗಾಗಿ ಖಾಲಿಯಾದವನಿಗೆ ಮೊದಲು ಗ್ಲುಕೋಸ್ ಏರಿಸಿದರೆ ಉಳಿದದ್ದೂ ಕರಗಿ ಮಿದುಳಿಗೆ ಪೆಟ್ಟು. ನಮ್ಮ ಕಡೆ ಸುಸ್ತಾದರೆ ಮೊದಲು ಕೇಳೋದೇ ಬಾಟಲಿ. ಈ ಆಪರೇಷನ್ ಮಾಡಿಸಿಕೊಂಡವರು ನಿಮ್ಮ ಮನೆಯಲ್ಲಿದ್ದು ವಾಂತಿ ನಿಲ್ಲದಿದ್ದರೆ, ಎರಡನೇ ದಿನಕ್ಕೇ ಸರ್ಜನ್‌ಗೆ ಫೋನ್ ಮಾಡಿ. ನನ್ನ ಹಾಗೆ ಕೂರಬೇಡಿ.

ಜುಮುಜುಮು ಹೋಗಲು ಎರಡು ತಿಂಗಳು ಹಿಡಿಯಿತು.

ಆ ಎರಡು ತಿಂಗಳು ಅವ್ವ ನನ್ನ ಪಟ್ಟಿಯನ್ನು ತನ್ನ ಕೈಗೆ ತಗೊಂಡಳು. ಇಲ್ಲಿ ಒಂದು ಮಾತು. ಅಜ್ಜಿ ಕಾಲದ ಅಂಬಲಿ, ನುಚ್ಚು ಉಂಡರೆ ಯಾವ ರೋಗವೂ ಇಲ್ಲ ಅನ್ನೋ ಫಾರ್ವರ್ಡ್‌ಗಳನ್ನು ನಾನು ನಂಬುವುದಿಲ್ಲ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ನನಗೆ, ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಕೂದಲು ಉದುರುತ್ತದೆ. ನೂರು ಗ್ರಾಂ ಜೋಳದಲ್ಲಿ ಇರೋದು ಸುಮಾರು 10 ಗ್ರಾಂ. ನಾಲ್ಕು ಚಮಚ ನುಚ್ಚಲ್ಲಿ ಎಷ್ಟು ಬರುತ್ತೆ, ನೀವೇ ಲೆಕ್ಕ ಹಾಕಿ. ಬರೀ ಧಾನ್ಯ ಸಾಲದು, ಬೇಳೆ ಬೇಕು ಅಂತ ಕಾರ್ನಿಶ್ 1877ರಲ್ಲಿ ಜಗಳ ಆಡಿದ್ದನ್ನೇ ನನ್ನ ಡಯಟಿಷಿಯನ್ ಬೆಂಗಳೂರಲ್ಲಿ ಕೂತು ಹೇಳಿದ್ದಳು.

ನಮ್ಮದು ತತ್ತಿ ಮುಟ್ಟದ ಮನೆ. ಅವ್ವ ಹೆಸರುಬೇಳೆ ಕುದಿಸಿ ನುಣ್ಣಗೆ ಕಡೆದಳು. ಮೊಸರನ್ನು ಅರಿವೆಯಲ್ಲಿ ಕಟ್ಟಿ ನೀರು ಬಸಿದಳು. ಮಡಿಕೆ ಕಾಳು ಮೊಳಕೆ ಬರಿಸಿ, ಬೇಯಿಸಿ, ಅರೆದಳು. ಪ್ರೋಟೀನ್ ಪುಡಿಯನ್ನು ಮಾತ್ರ ಕೊನೆವರೆಗೂ "ಆ ಸುಣ್ಣ" ಅಂತಲೇ ಕರೆದಳು, ಆದರೆ ಹೊತ್ತಿಗೆ ಸರಿಯಾಗಿ ಕಲಸಿ ಕೊಟ್ಟಳು. ಬಿ-12, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳು ಜೀವನಪೂರ್ತಿ ಅಂದಾಗ, "ನನಗ ಬಿಪಿ ಗುಳಿಗಿ ಇಲ್ಲೇನು, ನುಂಗು" ಅಂದಳು.

ಈಗ ಎರಡು ವರ್ಷ. 84 ಕಿಲೋ. ಶುಗರ್ ಗುಳಿಗೆ ನಿಂತಿದೆ, ಮುಂದೆ ಮತ್ತೆ ಬರಲೂಬಹುದು ಅಂತ ಡಾಕ್ಟರು ಎಚ್ಚರಿಸಿದ್ದಾರೆ. ರೊಟ್ಟಿ ತಿನ್ನುತ್ತೇನೆ, ಚೆನ್ನಾಗಿ ಅಗಿದು, ನೀರಿಲ್ಲದೆ. ಹೋದ ಎಳ್ಳಮಾಸಿಗೆ ಊರಿಗೆ ಹೋದಾಗ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತರು. ಅವ್ವ ಗಜೇಂದ್ರಗಡದ ಸಂತೆಯಲ್ಲಿ ಒಂದು ಸಣ್ಣ ಸ್ಟೀಲ್ ತಾಟು ಕೊಂಡಿಟ್ಟಿದ್ದಳು, ಕೂಸುಗಳಿಗೆ ಕೊಡುವಂಥದ್ದು. ಅದರಲ್ಲಿ ಅಂಗೈಯಗಲದ ಒಂದು ಸಜ್ಜಿ ರೊಟ್ಟಿ, ಪಕ್ಕದಲ್ಲಿ ಅದಕ್ಕಿಂತ ಹೆಚ್ಚು ಕಾಳು ಪಲ್ಯ. ದೊಡ್ಡಪ್ಪ ಬುಟ್ಟಿಯಿಂದ ಇನ್ನೊಂದು ರೊಟ್ಟಿ ಎತ್ತಿ ನನ್ನ ಕಡೆ ಚಾಚಿದರು. ಅವ್ವ ನಡುವೆ ಕೈ ಹಾಕಿ ಅದನ್ನು ಇಸಿದುಕೊಂಡು ತನ್ನ ಗಂಗಾಳಕ್ಕೆ ಹಾಕಿಕೊಂಡಳು.

"ಅಂವಂದು ಆತ್ರಿ," ಅಂದಳು.