ಹಿಂದಿರುಗಿ ಬಂದ ಸ್ಲೈಡು

ಕಳೆದ ತಿಂಗಳು ಒಂದು ಗುರುವಾರ ರಾತ್ರಿ ಊಟ ಮುಗಿಸಿ, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟುಕೊಂಡು ವೆಬಿನಾರ್ ನೋಡುತ್ತಿದ್ದೆ. ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಇಪ್ಪತ್ತು ವರ್ಷ ದಾಟಿತು. ನಮ್ಮಂಥವರಿಗಾಗಿ ಈಗ ವಾರಕ್ಕೊಂದಾದರೂ ಇಂಥ ಪಾಠ ಇದ್ದೇ ಇರುತ್ತದೆ. ಒಮ್ಮೆ ಯಂತ್ರ ಮಾರುವ ಕಂಪನಿಯವರದು, ಒಮ್ಮೆ ಸಂಘದವರದು, ಇನ್ನೊಮ್ಮೆ ಯಾವುದೋ ಮೆಡಿಕಲ್ ಕಾಲೇಜಿನವರದು. ಅಂದಿನ ವಿಷಯ ಗುಣಮಟ್ಟ ನಿಯಂತ್ರಣ. ಪರದೆಯ ಮೇಲೆ ಒಂದು ಗ್ರಾಫ್ ಬಂತು. ನಡುವೆ ಒಂದು ಗೆರೆ, ಅದರ ಮೇಲೂ ಕೆಳಗೂ ಮಿತಿಯ ಗೆರೆಗಳು, ನಡುವೆ ದಿನಕ್ಕೊಂದರಂತೆ ಚುಕ್ಕಿಗಳು. "ಇದು ನಿಮಗೆಲ್ಲ ಗೊತ್ತಿರೋದೇ" ಎಂದು ಉಪನ್ಯಾಸಕರು ಮುಂದಕ್ಕೆ ಹೋದರು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಐದು ಪ್ರಶ್ನೆಗೆ ಟಿಕ್ ಹಾಕಿದೆ. ನನ್ನ ಹೆಸರಿನ ಕಾಗುಣಿತ ತಪ್ಪಾಗಿದ್ದ ಪ್ರಮಾಣಪತ್ರ ಹತ್ತು ನಿಮಿಷದಲ್ಲಿ ಇಮೇಲಿಗೆ ಬಂತು.

ಗೊತ್ತಿರೋದೇ ಎಂಬ ಆ ಮಾತು ಮಾತ್ರ ತಲೆಯಲ್ಲಿ ಉಳಿದುಕೊಂಡಿತು. ದಿನಾ ಆ ಗೆರೆಗಳ ನಡುವೆ ಚುಕ್ಕಿ ಇಡುವವನು ನಾನು. ಅವು ಎಲ್ಲಿಂದ ಬಂದವೆಂದು ಒಮ್ಮೆಯೂ ಕೇಳಿದವನಲ್ಲ. ಅವು ಇಲ್ಲದ ಕಾಲದಲ್ಲಿ ಲ್ಯಾಬಿನವರಿಗೆ ತಮ್ಮ ತಪ್ಪು ಹೇಗೆ ತಿಳಿಯುತ್ತಿತ್ತು? ಹುಡುಕಿ ಓದುತ್ತಾ ಹೋದಂತೆ ಸಿಕ್ಕ ಉತ್ತರ: ಬಹುಪಾಲು ತಿಳಿಯುತ್ತಲೇ ಇರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ವಿಲಿಯಂ ಬೆಲ್ಕ್ ಮತ್ತು ವಿಲಿಯಂ ಸುಂದರ್ಮನ್ ಎಂಬ ಇಬ್ಬರು ವೈದ್ಯರು ಒಂದು ಸರಳ ಕೆಲಸ ಮಾಡಿದರು. ಸಕ್ಕರೆ, ಕ್ಲೋರೈಡ್, ಕ್ಯಾಲ್ಸಿಯಂ, ಪ್ರೋಟೀನು ಎಷ್ಟಿದೆಯೆಂದು ತಮಗೆ ಮೊದಲೇ ತಿಳಿದಿದ್ದ ಮಾದರಿಗಳನ್ನು 59 ಆಸ್ಪತ್ರೆಗಳ ಪ್ರಯೋಗಾಲಯಗಳಿಗೆ ಕಳುಹಿಸಿ, ಅಳೆದು ಹೇಳಿ ಎಂದರು. ಫಲಿತಾಂಶ 1947ರಲ್ಲಿ ಪ್ರಕಟವಾಯಿತು. ಒಪ್ಪಬಹುದಾದ ಉತ್ತರಗಳಿಗಿಂತ ಒಪ್ಪಲಾಗದ ಉತ್ತರಗಳೇ ಹೆಚ್ಚು. ಅವೆಲ್ಲ ಒಳ್ಳೆಯ ಹೆಸರಿನ ಆಸ್ಪತ್ರೆಗಳೇ ಆಗಿರಬೇಕು, ಕೆಲಸ ಮಾಡುತ್ತಿದ್ದವರೂ ಸೋಮಾರಿಗಳಲ್ಲ. ತಪ್ಪೆಂದು ಅವರಿಗೆ ಹೇಳುವವರಿರಲಿಲ್ಲ, ಅಷ್ಟೆ. ರೋಗಿ ಸತ್ತರೆ ಕಾಯಿಲೆ ದೊಡ್ಡದಿತ್ತು, ಬದುಕಿದರೆ ಡಾಕ್ಟರು ದೊಡ್ಡವರು. ಈ ಲೆಕ್ಕದಲ್ಲಿ ಲ್ಯಾಬಿನ ಚೀಟಿ ಎಲ್ಲೂ ಬರುವುದಿಲ್ಲ.

ನನಗೆ ಸುಂದರ್ಮನ್ ಇಷ್ಟವಾದದ್ದು ಆಮೇಲೆ ಅವರು ಮಾಡಿದ ಕೆಲಸದಿಂದ. ಇಂಥ ವರದಿ ಬರೆದವರು ಸಾಮಾನ್ಯವಾಗಿ ಬೈದು ಸುಮ್ಮನಾಗುತ್ತಾರೆ. ಈತ 1949ರಲ್ಲಿ ಒಂದು ಸೇವೆ ಶುರುಮಾಡಿದರು. ಸೇರಿಕೊಂಡ ಪ್ರಯೋಗಾಲಯಗಳಿಗೆ ಅಂಚೆಯಲ್ಲಿ ಗುಟ್ಟಿನ ಮಾದರಿ ಹೋಗುತ್ತಿತ್ತು. ಅವರು ಅಳೆದು ಉತ್ತರ ಬರೆಯುತ್ತಿದ್ದರು. ಆಮೇಲೆ ಸರಿಯುತ್ತರ ಬರುತ್ತಿತ್ತು, ಜೊತೆಗೆ ಆ ಪರೀಕ್ಷೆಯ ಬಗ್ಗೆ ವಿವರಣೆಯೂ. ಸುಮಾರು ಮೂರೂವರೆ ದಶಕ ಇದು ನಡೆಯಿತು. ಸುಂದರ್ಮನ್ ಪಿಟೀಲು ನುಡಿಸುತ್ತಿದ್ದರು, 104 ವರ್ಷ ಬದುಕಿದರು. ನನ್ನ ಫೋನಿನ ವೆಬಿನಾರಿಗೆ ಅಜ್ಜ ಯಾರಾದರೂ ಇದ್ದರೆ ಅದು ಈ ಅಂಚೆಯ ಪೊಟ್ಟಣವೇ. ಒಂದೇ ವ್ಯತ್ಯಾಸ: ಅಜ್ಜ ಪಾಠ ಹೇಳುವ ಮೊದಲು ನಿಮ್ಮ ಕೈಯಿಂದ ಕೆಲಸ ಮಾಡಿಸುತ್ತಿದ್ದ.

ಗೆರೆಗಳ ಕಥೆ ಚಿಕ್ಕದು. 1924ರಲ್ಲಿ ಬೆಲ್ ಟೆಲಿಫೋನಿನ ವಾಲ್ಟರ್ ಶೂಹಾರ್ಟ್ ಕಾರ್ಖಾನೆಯ ಸರಕಿನ ಮೇಲೆ ಕಣ್ಣಿಡಲು ಅಂಥ ಪಟವೊಂದನ್ನು ಬರೆದರು. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಅದನ್ನು ಲ್ಯಾಬಿಗೆ ತಂದರು. ಇಂದಿಗೂ ನಮ್ಮ ಗೋಡೆಯ ಮೇಲೆ ಅವರಿಬ್ಬರ ಹೆಸರಲ್ಲೇ ಇದೆ. ಟೆಲಿಫೋನ್ ಮಾಡುವವರ ಲೆಕ್ಕ ರಕ್ತದ ಸಕ್ಕರೆಗೂ ಒಪ್ಪಿತು.

ಅಮೆರಿಕದಲ್ಲಿ ಮುಂದೆ ಇದು ಕಾನೂನಿನ ದಾರಿ ಹಿಡಿಯಿತು. 1987ರಲ್ಲಿ ವಾಲ್ಟ್ ಬೊಗ್ಡಾನಿಚ್ ಎಂಬ ಪತ್ರಕರ್ತ ಗರ್ಭಕೊರಳಿನ ಪ್ಯಾಪ್ ಪರೀಕ್ಷೆಯ ಸ್ಲೈಡುಗಳನ್ನು ಹೇಗೆ ಅವಸರವಸರವಾಗಿ, ಸ್ಲೈಡಿಗಿಷ್ಟು ದುಡ್ಡು ಎಂಬ ಲೆಕ್ಕದಲ್ಲಿ ನೋಡಿಸಲಾಗುತ್ತಿದೆಯೆಂದು ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಬರೆದರು. ಕ್ಯಾನ್ಸರ್ ಇದ್ದ ಹೆಂಗಸರಿಗೆ ಏನೂ ಇಲ್ಲವೆಂಬ ಚೀಟಿ ಹೋಗಿತ್ತು. ಮರುವರ್ಷ ಕಾನೂನು ಬಂತು. ಒಬ್ಬರು ದಿನಕ್ಕೆ ನೂರು ಸ್ಲೈಡಿಗಿಂತ ಹೆಚ್ಚು ನೋಡುವಂತಿಲ್ಲ ಎಂಬ ಮಿತಿಯೂ ಬಂತು. 2004ರಿಂದ ಅಲ್ಲಿನ ಮುಖ್ಯ ಪ್ರಮಾಣೀಕರಣ ಪಡೆಯುವವರು ಮೂರು ವರ್ಷಕ್ಕೊಮ್ಮೆ ಕಲಿಕೆಯ ಅಂಕ ತೋರಿಸಿ ಅದನ್ನು ನವೀಕರಿಸಿಕೊಳ್ಳಬೇಕು. ವೆಬಿನಾರುಗಳ ಸಂತೆಗೆ ಇಂಥ ಅಂಕಗಳೂ ಒಂದು ಕಾರಣ. ಅಂಕ ಬೇಕಾದವರಿದ್ದಾರೆ, ಅಂಕ ಕೊಡುವವರು ಹುಟ್ಟಿಕೊಂಡರು.

ನಮ್ಮಲ್ಲಿ ನನ್ನ ಕೆಲಸದವರನ್ನು ರಾಷ್ಟ್ರಮಟ್ಟದ ಕಾನೂನು ಹೆಸರಿಡಿದು ಗುರುತಿಸಿದ್ದು 2021ರಲ್ಲಿ, ಪೂರಕ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯಲ್ಲಿ. ಹಾಗೆಂದು ಅಲ್ಲಿಯವರೆಗೆ ಯಾರೂ ನಮಗೆ ಏನೂ ಕಲಿಸಲಿಲ್ಲವೆಂದಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಗುಟ್ಟಿನ ಮಾದರಿ ಕಳುಹಿಸುವ ಕೆಲಸವನ್ನು ದಶಕಗಳಿಂದ ಮಾಡುತ್ತಿದೆ. ಆದರೆ ನನ್ನಂಥ ಸರ್ಕಾರಿ ಆಸ್ಪತ್ರೆಯವನ ಕಥೆ ರಕ್ತದಿಂದಲ್ಲ, ಕಫದಿಂದ ಶುರುವಾಗುತ್ತದೆ. ಅದೂ ನಮ್ಮ ಜಿಲ್ಲೆಯಿಂದಲೇ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಮರುವರ್ಷ ನೆಹರೂ ಬಂದು ಉದ್ಘಾಟಿಸಿದರು. ಅಲ್ಲಿನವರು ಮೊದಲು ಹೊರಟದ್ದು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ. ಹಳ್ಳಿಯವರು ಕಾಯಿಲೆ ಬಚ್ಚಿಡುತ್ತಾರೆ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ಓದಿದವರ ನಂಬಿಕೆ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ತಿರುವಿಹಾಕಿತು. ಕಫದಲ್ಲಿ ಕ್ಷಯದ ರೋಗಾಣು ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ತಾವಾಗಿ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಸೀಸೆ.

ಈ ಸಾಲನ್ನು ಮೊದಲ ಸಲ ಓದಿದಾಗ ನನ್ನ ತಾತನ ನೆನಪಾಯಿತು. ಅದು ಬೇರೆ ಕಥೆ.

ಹಾಗಾದರೆ ರೋಗಿಗಳನ್ನು ಹುಡುಕಿಕೊಂಡು ಎಕ್ಸ್‌ರೇ ಗಾಡಿ ಓಡಿಸಬೇಕಿಲ್ಲ, ಬಂದವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ನೋಡಿದರೆ ಸಾಕು ಎಂಬ ತೀರ್ಮಾನ ಬಂತು. 1962ರ ರಾಷ್ಟ್ರೀಯ ಕಾರ್ಯಕ್ರಮ ನಿಂತದ್ದು ಇದರ ಮೇಲೆ. ದೇಶದ ಜಿಲ್ಲೆಗಳಿಂದ ತಂಡಗಳು ಬೆಂಗಳೂರಿಗೆ ಕಲಿಯಲು ಬಂದವು. ವೈದ್ಯರ ಜೊತೆ ಲ್ಯಾಬ್ ಟೆಕ್ನೀಷಿಯನ್ನನೂ ಬಂದ. ಇಡೀ ಕಾರ್ಯಕ್ರಮ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವನ ಮೇಲೆ ನಿಂತಿದೆ ಎಂದಾಗ ಅವನನ್ನು ಬಿಟ್ಟು ಬರುವುದು ಹೇಗೆ?

ನಾನು ಕಲಿಯುವ ಹೊತ್ತಿಗೆ ಕಾರ್ಯಕ್ರಮ ಹೊಸ ರೂಪ ಪಡೆದಿತ್ತು, ಕೈಕೆಲಸ ಹಳೆಯದೇ. ಪೊರಕೆ ಕಡ್ಡಿ ಮುರಿದು ಅದರ ತುದಿಯಿಂದ ಕಫದ ಹಳದಿ ಭಾಗವನ್ನು ಎತ್ತಿ ಗಾಜಿನ ಮೇಲೆ ಸವರಬೇಕು. ಎರಡು ಸೆಂಟಿಮೀಟರ್‌ಗೆ ಮೂರು. ಒಣಗಿದ ಮೇಲೆ ಸ್ಲೈಡಿನ ಕೆಳಗೆ ನ್ಯೂಸ್‌ಪೇಪರ್ ಇಟ್ಟರೆ ಅಕ್ಷರ ಓದಲು ಬರಬೇಕು. ಬರದಿದ್ದರೆ ಲೇಪ ದಪ್ಪವಾಯಿತು. ಎಷ್ಟೋ ಸುದ್ದಿಯನ್ನು ನಾನು ಹೀಗೆ ಯಾರದೋ ಕಫದ ಮೂಲಕ ಓದಿದ್ದೇನೆ. ಆಮೇಲೆ ಕೆಂಪು ಬಣ್ಣ ಹಾಕಿ ಹಬೆಯೇಳುವಷ್ಟು ಬಿಸಿ ಮಾಡಬೇಕು, ಕುದಿಯಬಾರದು. ಆಮ್ಲದಲ್ಲಿ ತೊಳೆದು ನೀಲಿ ಹಾಕಬೇಕು. ನೀಲಿ ಬಯಲಿನಲ್ಲಿ ಸಣ್ಣ ಕೆಂಪು ಕಡ್ಡಿ ಕಂಡರೆ ಅದೇ. ಏನೂ ಕಾಣದಿದ್ದರೆ ನೂರು ದೃಶ್ಯಗಳನ್ನು ನೋಡಿದ ಮೇಲಷ್ಟೇ ನೆಗೆಟಿವ್ ಎಂದು ಬರೆಯಬೇಕು. ಆ ನೂರನ್ನು ಎಣಿಸುವಾಗ ನೀವು ಒಬ್ಬರೇ ಇರುತ್ತೀರಿ. ನಲವತ್ತಕ್ಕೇ ನಿಲ್ಲಿಸಿದಿರೋ ನೂರೂ ನೋಡಿದಿರೋ ದೇವರೇ ಬಲ್ಲ.

ದೇವರ ಜೊತೆಗೆ ಒಬ್ಬ ಮೇಲ್ವಿಚಾರಕರೂ ಇದ್ದರು. ನೋಡಿದ ಸ್ಲೈಡುಗಳನ್ನು ಎಸೆಯದೆ ಪೆಟ್ಟಿಗೆಯಲ್ಲಿ ಕ್ರಮವಾಗಿ ಇಡಬೇಕೆಂಬುದು ನಿಯಮ. ಅವರು ತಿಂಗಳಿಗೊಮ್ಮೆ ಬಂದು ಕೆಲವನ್ನು ಆರಿಸಿ ಒಯ್ಯುತ್ತಿದ್ದರು. ನನ್ನ ಉತ್ತರ ಗೊತ್ತಿಲ್ಲದ ಇನ್ನೊಬ್ಬರು ಅವನ್ನು ಮತ್ತೆ ನೋಡುತ್ತಿದ್ದರು. ಇಬ್ಬರ ಉತ್ತರ ಬೇರೆಯಾದರೆ ಮೂರನೆಯವರು ತೀರ್ಪು ಹೇಳುತ್ತಿದ್ದರು. 2010ರಲ್ಲಿ ನನ್ನದೊಂದು ಸ್ಲೈಡು ಹಿಂದಿರುಗಿ ಬಂತು. ನಾನು ನೆಗೆಟಿವ್ ಬರೆದಿದ್ದೆ, ಅವರು ಎರಡು ಪ್ಲಸ್ ಬರೆದಿದ್ದರು. ನಮ್ಮ ಭಾಷೆಯಲ್ಲಿ ಇದು ಹೈ ಫಾಲ್ಸ್ ನೆಗೆಟಿವ್, ತಪ್ಪುಗಳಲ್ಲೇ ದೊಡ್ಡದು.

ಮೇಲ್ವಿಚಾರಕರು ಬೈಯಲಿಲ್ಲ. ಸ್ಲೈಡನ್ನು ನನ್ನ ಮೈಕ್ರೋಸ್ಕೋಪಿಗೇ ಇಟ್ಟು, "ನೀವೇ ನೋಡಿ ಇವ್ರೇ, ಅರ್ಜೆಂಟಿಲ್ಲ" ಅಂದರು. ನೋಡಿದೆ. ಮೂರನೆಯ ದೃಶ್ಯದಲ್ಲೇ ಇತ್ತು. ಆ ದಿನ ಎಷ್ಟು ಸ್ಲೈಡು ಬಂದಿತ್ತು, ಕರೆಂಟು ಎಷ್ಟು ಸಲ ಹೋಗಿತ್ತು ಎಂದೆಲ್ಲ ಹೇಳಲು ಹೋದೆ. ಅವರು ಕೇಳಿಸಿಕೊಂಡು, "ಲೆನ್ಸ್ ಯಾವಾಗ ಒರೆಸಿದ್ರಿ?" ಅಂದರು. ಎಣ್ಣೆ ಹಿಡಿದು ಮಂಕಾಗಿತ್ತು. ಇಬ್ಬರೂ ಕೂತು ಒರೆಸಿದೆವು. ಅವರು ಹೋದ ಮೇಲೆ ರಿಜಿಸ್ಟರ್ ತೆಗೆದು ಆ ನಂಬರು ಹುಡುಕಿದೆ. ಮೂವತ್ತೆರಡು ವರ್ಷದ ಹೆಂಗಸು. ಇನ್ನೂ ಕೆಲವು ಪುಟ ಮಗುಚಿದರೆ ಅದೇ ಹೆಸರು, ಅದೇ ಊರು, ಎರಡು ತಿಂಗಳ ನಂತರದ ತಾರೀಕು. ಮತ್ತೆ ಬಂದಿದ್ದರು. ಈ ಸಲ ನನ್ನದೇ ಅಕ್ಷರದಲ್ಲಿ ಮೂರು ಪ್ಲಸ್ ಎಂದಿತ್ತು. ಎರಡೂ ಸಲ ಬರೆದವನು ನಾನೇ, ನನಗೆ ನೆನಪೇ ಇರಲಿಲ್ಲ. ಆ ಎರಡು ತಿಂಗಳು ಆಕೆ ಮನೆಯಲ್ಲಿ ಕೆಮ್ಮುತ್ತಾ ಮಲಗಿದ್ದಾಗ ಪಕ್ಕದಲ್ಲಿ ಯಾರು ಮಲಗಿದ್ದರು ಎಂಬುದಕ್ಕೆ ರಿಜಿಸ್ಟರಿನಲ್ಲಿ ಕಾಲಮ್ಮು ಇಲ್ಲ.

ವೆಬಿನಾರನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. 2020ರ ಜನವರಿಯಲ್ಲಿ ದೇಶದಲ್ಲಿ ಕೊರೊನಾ ಪರೀಕ್ಷೆಗೆ ಇದ್ದದ್ದು ಪುಣೆಯ ಒಂದೇ ಪ್ರಯೋಗಾಲಯ. ಜೂನ್ ಮುಗಿಯುವಷ್ಟರಲ್ಲಿ ಸಾವಿರ ದಾಟಿತ್ತು. ಅಷ್ಟೊಂದು ಜನಕ್ಕೆ ಬಸ್ಸಿಲ್ಲದ, ರೈಲಿಲ್ಲದ ಆ ದಿನಗಳಲ್ಲಿ ಪರದೆ ಬಿಟ್ಟು ಬೇರೆ ಯಾವ ದಾರಿಯಲ್ಲಿ ಕಲಿಸುತ್ತಿದ್ದರು? ಗಂಟಲ ದ್ರವ ತೆಗೆದು ಮೂರು ಪದರದಲ್ಲಿ ಕಟ್ಟುವುದನ್ನು ನಾನೂ ಫೋನಿನಲ್ಲಿ ನೋಡಿಯೇ ಕಲಿತೆ. ತಾಲ್ಲೂಕಿನಲ್ಲಿ ಕೂತವನಿಗೆ ಚಂಡೀಗಢದ ಪ್ರೊಫೆಸರರ ಮಾತು ಕಿವಿಗೆ ಬೀಳುವುದು ಸಣ್ಣ ವಿಷಯವಲ್ಲ. ಈಗ ನಮ್ಮಲ್ಲಿ ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಯಂತ್ರವಿದೆ. ಕ್ಷಯದ ಗುರುತನ್ನು ಅದೇ ಹೇಳುತ್ತದೆ. ಪೊರಕೆ ಕಡ್ಡಿಯ ಕೆಲಸ ಕಡಿಮೆಯಾಗಿದೆ.

ಆ ಗುರುವಾರದ ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋದಾಗ, ಹೊಸದಾಗಿ ಸೇರಿದ ಹುಡುಗಿ ಸಕ್ಕರೆಯ ಕಂಟ್ರೋಲ್ ಹಾಕುತ್ತಿದ್ದಳು. ಅವಳೂ ರಾತ್ರಿ ಅದೇ ವೆಬಿನಾರ್ ನೋಡಿದ್ದಳಂತೆ, ಐದಕ್ಕೆ ಐದು ಬಂದಿತ್ತಂತೆ. ಪಟದಲ್ಲಿ ಅಂದಿನ ಚುಕ್ಕಿ ಗೆರೆಯೊಳಗೆ ನೆಟ್ಟಗೆ ಕೂತಿತ್ತು. ಯಂತ್ರದ ನೆನಪು ತೆರೆದು ನೋಡಿದೆ. ಅದು ಮೂರನೆಯ ಸಲ ಹಾಕಿದ್ದು. ಮೊದಲೆರಡು ಹೊರಗೆ ಬಿದ್ದಿದ್ದವು.

"ಮೊದಲಿನ ಎರಡು ಎಲ್ಲಮ್ಮಾ?"

"ಸರಿ ಬರ್ಲಿಲ್ಲ ಸರ್, ಅದಕ್ಕೇ ಬರೀಲಿಲ್ಲ."

ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಎರಡು ಚುಕ್ಕಿಗಳನ್ನೂ ಅವಳ ಕೈಯಲ್ಲೇ ಇಡಿಸಿದೆ. ಆಮೇಲೆ ಇಬ್ಬರೂ ಫ್ರಿಜ್ ತೆಗೆದು ರೀಏಜೆಂಟಿನ ಬಾಟಲಿ ನೋಡಿದೆವು. ಅದರ ಮೇಲೆ ತೆರೆದ ತಾರೀಕು ಬರೆದಿರಲಿಲ್ಲ. ತೆರೆದವನು ನಾನು.