ಅಂಗಳದಲ್ಲಿ ಪಳಗಿದ ತೋಳು

ಫಾಸ್ಟ್‌ಪಿಚ್ ಸಾಫ್ಟ್‌ಬಾಲ್‌ನಲ್ಲಿ ಪಂದ್ಯದ ಸೋಲು ಗೆಲುವು ಮುಕ್ಕಾಲು ಪಾಲು ಚೆಂಡು ಎಸೆಯುವ ಪಿಚರ್ ಕೈಯಲ್ಲಿರುತ್ತದೆ. ಕಾಲೇಜು ಮಟ್ಟದಲ್ಲಿ ಅವಳು ಎಸೆಯುವ ಜಾಗದಿಂದ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ಗೆ 43 ಅಡಿ. ಕ್ರಿಕೆಟ್‌ನ ಎರಡು ವಿಕೆಟ್‌ಗಳ ನಡುವಿನ ದೂರ 66 ಅಡಿ. ಸಾಫ್ಟ್‌ಬಾಲ್‌ನಲ್ಲಿ ಓಡಿ ಬರುವಂತಿಲ್ಲ, ನಿಂತಲ್ಲಿಂದ ಒಂದು ಉದ್ದನೆಯ ಹೆಜ್ಜೆ ಚಾಚಿ, ತೋಳನ್ನು ತಲೆಯ ಮೇಲಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ತೊಡೆಯ ಪಕ್ಕದಲ್ಲಿ ಚೆಂಡನ್ನು ಬಿಡಬೇಕು. ಆ ಸುತ್ತಿನಿಂದಲೇ ಶೈಲಿಗೆ ವಿಂಡ್‌ಮಿಲ್ ಎಂಬ ಹೆಸರು ಬಂತು. ಕ್ರಿಕೆಟ್ ನೋಡಿ ಬೆಳೆದವರಿಗೆ ಅಂಡರ್‌ಆರ್ಮ್ ಎಂದರೆ ಮಕ್ಕಳಾಟ. ಆದರೆ ಇಲ್ಲಿ ಗಂಟೆಗೆ 70 ಮೈಲಿ, ಅಂದರೆ ಸುಮಾರು 113 ಕಿಲೋಮೀಟರ್ ವೇಗದಲ್ಲಿ ಬಂದ ಎಸೆತವನ್ನು ನೋಡಿ ಹೊಡೆಯಲು ಬ್ಯಾಟರ್‌ಗೆ 0.4 ಸೆಕೆಂಡೂ ಸಿಗುವುದಿಲ್ಲ. ಇಂಥ ಒಬ್ಬಳಿದ್ದರೆ ಸಾಧಾರಣ ತಂಡವೂ ಗೆಲ್ಲುತ್ತದೆ. ಹಾಗಾಗಿ ಅಮೆರಿಕದಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ಬೆಳೆದ ಕಥೆ ಬಹುಮಟ್ಟಿಗೆ ಪಿಚರ್‌ಗಳನ್ನು ಬೆಳೆಸಿದ ಕಥೆಯೇ.

ಆಟ ಹುಟ್ಟಿದಾಗ ಈ ವೇಗವಿರಲಿಲ್ಲ. 1887ರ ನವೆಂಬರ್‌ನಲ್ಲಿ ಷಿಕಾಗೋದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿ ಜಾರ್ಜ್ ಹ್ಯಾಂಕಾಕ್ ಎಂಬವರು ಬಾಕ್ಸಿಂಗ್ ಗ್ಲೌಸನ್ನು ಕಟ್ಟಿ ಚೆಂಡು ಮಾಡಿ, ಕಸಪೊರಕೆಯ ಹಿಡಿಯನ್ನೇ ಬ್ಯಾಟಾಗಿಸಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡುವ ಬೇಸ್‌ಬಾಲ್ ಶುರು ಮಾಡಿದರು. ಇಕ್ಕಟ್ಟಾದ ಜಾಗವಾದ್ದರಿಂದ ಅಂಡರ್‌ಆರ್ಮ್ ಎಸೆತವೇ ಸಾಕಾಯಿತು. 1933ರಲ್ಲಿ ಷಿಕಾಗೋದ ವಿಶ್ವಮೇಳದ ಸಂದರ್ಭದಲ್ಲಿ ದೊಡ್ಡ ಟೂರ್ನಿಯೊಂದು ನಡೆದು, ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಆ ಹೊತ್ತಿಗೆ ಕಾರ್ಖಾನೆ ತಂಡಗಳ ಗಂಡಸರು ಆಟವನ್ನು ಹೊಲ ಮೈದಾನಗಳಿಗೆ ತಂದು ಎಸೆತಕ್ಕೆ ವೇಗ ಕೂಡಿಸಿದ್ದರು. ಅವರಲ್ಲಿ ಎರಡು ಶೈಲಿಗಳು ನೆಲೆಯೂರಿದವು. ಒಂದು, ಪೂರ್ತಿ ಸುತ್ತು ತಿರುಗುವ ವಿಂಡ್‌ಮಿಲ್. ಇನ್ನೊಂದು, ತೋಳನ್ನು ಹಿಂದಕ್ಕೆ ಎಳೆದು ಬಂದ ದಾರಿಯಲ್ಲೇ ಮುಂದಕ್ಕೆ ಚಿಮ್ಮಿಸುವ ಸ್ಲಿಂಗ್‌ಶಾಟ್. ಹೆಣ್ಣುಮಕ್ಕಳು ಇವೆರಡನ್ನೂ ಈ ಗಂಡಸರನ್ನು ನೋಡಿಯೇ ಕಲಿತರು.

ಕಲಿಕೆ ಗುರುಕುಲದ ರೀತಿಯದು. ವಯಸ್ಸಿಗೆ ತಕ್ಕ ತಂಡಗಳಾಗಲಿ, ಮಕ್ಕಳಿಗೆಂದು ಚಿಕ್ಕ ಚೆಂಡಾಗಲಿ ಇರಲಿಲ್ಲ. ಚೆನ್ನಾಗಿ ಎಸೆಯುವ ಹುಡುಗಿ ನೇರವಾಗಿ ದೊಡ್ಡವರ ತಂಡ ಸೇರುತ್ತಿದ್ದಳು. ಕನೆಕ್ಟಿಕಟ್‌ನ ಸ್ಟ್ರಾಟ್‌ಫರ್ಡ್‌ನಲ್ಲಿ 1947ರಲ್ಲಿ ಆರಂಭವಾದ ರೇಬೆಸ್ಟಾಸ್ ಬ್ರೇಕೆಟ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಬ್ರೇಕಿನ ಬಿಡಿಭಾಗ ಮಾಡುವ ಕಂಪನಿಯ ತಂಡವದು. ಹದಿಹರೆಯದಲ್ಲೇ ಅದನ್ನು ಸೇರಿದ ಜೋನ್ ಜಾಯ್ಸ್, ಆ ಕಾಲದ ಮೇರು ಪಿಚರ್ ಬರ್ತಾ ಟಿಕಿ ಅವರ ನೆರಳಲ್ಲಿ ಬೆಳೆದರು. 1958ರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಟಿಕಿ ಅವರ ಜಾಗಕ್ಕೆ ಬಂದ ಜಾಯ್ಸ್, ಎದುರಾಳಿಗೆ ಒಂದು ಹಿಟ್ ಕೂಡ ಬಿಟ್ಟುಕೊಡಲಿಲ್ಲ. ಮೂರು ವರ್ಷಗಳ ನಂತರ ವಾಟರ್‌ಬರಿಯ ಪ್ರದರ್ಶನ ಪಂದ್ಯವೊಂದರಲ್ಲಿ ಬೇಸ್‌ಬಾಲ್ ದಿಗ್ಗಜ ಟೆಡ್ ವಿಲಿಯಮ್ಸ್, ಜಾಯ್ಸ್ ಅವರ ಸ್ಲಿಂಗ್‌ಶಾಟ್ ಎಸೆತಗಳ ಮುಂದೆ ಕಕ್ಕಾಬಿಕ್ಕಿಯಾದರು. ಪ್ರತಿಭೆಗೆ ಈ ಪದ್ಧತಿ ಒದಗುತ್ತಿತ್ತು, ನಿಜ. ಆದರೆ ಹತ್ತಿರದಲ್ಲಿ ಅಂಥ ತಂಡವಿಲ್ಲದ ಹುಡುಗಿಗೆ ಕಲಿಯುವ ದಾರಿಯೇ ಇರಲಿಲ್ಲ.

ದಾರಿ ತೆರೆದದ್ದು ಕಾನೂನು. 1972ರ ಟೈಟಲ್ ನೈನ್, ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ತಾರತಮ್ಯವನ್ನು ನಿಷೇಧಿಸಿತು. ಶಾಲಾ ಕಾಲೇಜುಗಳು ಹುಡುಗಿಯರ ಕ್ರೀಡಾ ತಂಡಗಳನ್ನು ಕಟ್ಟಲೇಬೇಕಾಯಿತು. ಹುಡುಗಿಯರನ್ನು ಬೇಸ್‌ಬಾಲ್‌ಗೆ ಸೇರಿಸದ ಮಕ್ಕಳ ಕ್ರೀಡಾ ಸಂಸ್ಥೆ ಲಿಟಲ್ ಲೀಗ್ ನ್ಯಾಯಾಲಯದಲ್ಲಿ ಸೋತ ಮೇಲೆ 1974ರಲ್ಲಿ ತನ್ನ ನಿಯಮವನ್ನು ತಿದ್ದಿ, ಅದೇ ವರ್ಷ ಸಾಫ್ಟ್‌ಬಾಲ್ ವಿಭಾಗವನ್ನೂ ತೆರೆಯಿತು. 1982ರಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ತನ್ನ ಮೊದಲ ಮಹಿಳಾ ಕಾಲೇಜು ವಿಶ್ವ ಸರಣಿಯನ್ನು ಒಮಾಹಾದಲ್ಲಿ ನಡೆಸಿತು, ಯುಸಿಎಲ್‌ಎ ವಿಶ್ವವಿದ್ಯಾಲಯ ಗೆದ್ದಿತು. ಅಲ್ಲಿಂದ ಮುಂದೆ ಒಳ್ಳೆಯ ಪಿಚಿಂಗ್ ಎಂದರೆ ಕಾಲೇಜು ಶುಲ್ಕ ಭರಿಸುವ ಸ್ಕಾಲರ್‌ಷಿಪ್ ಎಂದಾಯಿತು. ಸಾವಿರಾರು ತಂಡಗಳಿಗೆ ದಿಢೀರನೆ ಪಿಚರ್‌ಗಳು ಬೇಕಾದರು. ಅವರಿಗೆ ಕಲಿಸಬಲ್ಲವರು ಮಾತ್ರ ಬೆರಳೆಣಿಕೆಯಷ್ಟಿದ್ದರು.

ಆ ಕೊರತೆಯನ್ನು ತುಂಬಿದ್ದು ಮನೆಯ ಅಂಗಳ. ಗಂಡಸರ ಫಾಸ್ಟ್‌ಪಿಚ್ ಲೀಗ್‌ಗಳು ಕ್ಷೀಣಿಸುತ್ತಿದ್ದ ಕಾಲವದು. ಅಲ್ಲಿ ಎಸೆದು ಅನುಭವವಿದ್ದವರು ಖಾಸಗಿ ಪಿಚಿಂಗ್ ಪಾಠ ಹೇಳತೊಡಗಿದರು. ವಾರಕ್ಕೊಮ್ಮೆ ಪಾಠ, ಉಳಿದ ದಿನ ಮನೆಯಲ್ಲಿ ಅಭ್ಯಾಸ. ಕವುಚಿಟ್ಟ ಬಕೆಟ್ಟಿನ ಮೇಲೆ ಗ್ಲೌಸ್ ತೊಟ್ಟು ಕುಳಿತು ಮಗಳ ಎಸೆತಗಳನ್ನು ಹಿಡಿಯುವ ಅಪ್ಪ ಈ ಆಟದ ಅತಿ ಪರಿಚಿತ ಚಿತ್ರ. ಹಲವು ಮನೆಗಳಲ್ಲಿ ಆ ಜಾಗದಲ್ಲಿ ಅಮ್ಮ ಇರುತ್ತಿದ್ದಳು. ವರ್ಷವಿಡೀ ಬಿಸಿಲಿರುವ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಈ ಪದ್ಧತಿ ಎಲ್ಲಕ್ಕಿಂತ ಹೆಚ್ಚು ಬೇರು ಬಿಟ್ಟಿತು. ಮುಂದಿನ ಎರಡು ದಶಕಗಳ ಹೆಸರಾಂತ ಪಿಚರ್‌ಗಳಲ್ಲಿ ಅನೇಕರು ಅಲ್ಲಿಯವರಾದದ್ದು ಕಾಕತಾಳೀಯವಲ್ಲ.

ಪಿಚರ್ ಲೀಸಾ ಫರ್ನಾಂಡಿಸ್ ಅವರ ಬಾಲ್ಯ ಈ ವ್ಯವಸ್ಥೆಯ ಬಲ ಮತ್ತು ದೌರ್ಬಲ್ಯ ಎರಡನ್ನೂ ತೋರಿಸುತ್ತದೆ. ಎಂಟನೇ ವಯಸ್ಸಿನಲ್ಲಿ ಅವರು ಪಿಚ್ ಮಾಡಿದ ಮೊದಲ ಪಂದ್ಯದಲ್ಲಿ ತಂಡ 28-0 ಅಂತರದಿಂದ ಸೋತಿತ್ತು. ಹನ್ನೆರಡರ ಸುಮಾರಿಗೆ, ತೋಳು ಗಿಡ್ಡವಾಗಿರುವುದರಿಂದ ನೀನು ದೊಡ್ಡ ಪಿಚರ್ ಆಗಲಾರೆ ಎಂದು ತರಬೇತುದಾರರೊಬ್ಬರು ಹೇಳಿಬಿಟ್ಟರು. ಅದೇ ಫರ್ನಾಂಡಿಸ್ ಮುಂದೆ ಯುಸಿಎಲ್‌ಎಗೆ ಆಡಿ 93 ಪಂದ್ಯ ಗೆದ್ದು ಕೇವಲ 7ರಲ್ಲಿ ಸೋತರು. 1996, 2000 ಮತ್ತು 2004ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ತೋಳಿನ ಉದ್ದ ಅಳೆದು ಭವಿಷ್ಯ ನುಡಿಯುವ ಧೈರ್ಯ ಆ ಕಾಲದ ಬೋಧಕರಿಗೆ ಹೇಗೆ ಬಂತೆಂದು ಕೇಳಬಹುದು. ಅವರ ಬಳಿ ತಮ್ಮ ಅನುಭವದ ಹೊರತು ಬೇರೆ ಅಳತೆಗೋಲು ಇರಲಿಲ್ಲ ಎಂಬುದೇ ಉತ್ತರ. ಇನ್ನೊಬ್ಬ ಹೆಸರಾಂತ ಪಿಚರ್ ಜೆನ್ನಿ ಫಿಂಚ್ ಅವರ ತಂದೆ ಡಗ್ ಫಿಂಚ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಗಳ ತೋಳು ಸರಿಯಾದ ವೃತ್ತದಲ್ಲೇ ಸುತ್ತಲೆಂದು ಒಂದು ಯಂತ್ರವನ್ನೇ ಕಟ್ಟಿದರು. ಅದು ಆಮೇಲೆ ಫಿಂಚ್ ವಿಂಡ್‌ಮಿಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಅರಿಜೋನಾ ವಿಶ್ವವಿದ್ಯಾಲಯದ ಪರ ಜೆನ್ನಿ ಸತತ 60 ಪಂದ್ಯ ಗೆದ್ದರು.

ಅಂಗಳದ ಪಾಠಗಳಲ್ಲಿ ಒಂದು ದೊಡ್ಡ ತಪ್ಪೂ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬಂತು. ಅಂಗೈಯನ್ನು ಹಿಂದಿರುವ ಸೆಕೆಂಡ್ ಬೇಸ್ ಕಡೆಗೆ ಮಾಡಿ ತೋಳು ಇಳಿಸಬೇಕು, ಮಣಿಕಟ್ಟನ್ನು ಝಾಡಿಸಬೇಕು, ಕೊನೆಯಲ್ಲಿ ಮೊಣಕೈ ಮುಖದ ಎತ್ತರಕ್ಕೆ ಏರಬೇಕು ಎಂದು ಕಲಿಸಲಾಗುತ್ತಿತ್ತು. ಹಲೋ ಎಲ್ಬೋ ಎಂದೇ ಇದು ಪ್ರಸಿದ್ಧ. ಕುತೂಹಲದ ಸಂಗತಿಯೆಂದರೆ, ಹೀಗೆ ಕಲಿಸುತ್ತಿದ್ದ ಶ್ರೇಷ್ಠ ಆಟಗಾರ್ತಿಯರಲ್ಲೇ ಕೆಲವರು ತಾವು ಹಾಗೆ ಎಸೆಯುತ್ತಿರಲಿಲ್ಲ. ವಿಡಿಯೋ ಕ್ಯಾಮೆರಾ ಅಗ್ಗವಾಗಿ, ಎಸೆತವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನೋಡಲು ಸಾಧ್ಯವಾದ ಮೇಲೆ ಇದು ಬಯಲಾಯಿತು. ಉನ್ನತ ಮಟ್ಟದ ಪಿಚರ್‌ಗಳ ಮೇಲ್ತೋಳು ಚೆಂಡು ಬಿಡುವ ಕ್ಷಣಕ್ಕೆ ಪಕ್ಕೆಯ ಬಳಿ ತಡೆದು ನಿಧಾನವಾಗುತ್ತದೆ. ಮುಂದೋಳು ಒಳಮುಖವಾಗಿ ತಿರುಚಿಕೊಂಡು ಚಾವಟಿಯ ತುದಿಯಂತೆ ಬೀಸುತ್ತದೆ. ಮೊಣಕೈ ಮೇಲೇಳುವುದು ಬಲವಂತದಿಂದಲ್ಲ. ಇಂಟರ್ನಲ್ ರೊಟೇಷನ್ ಎಂದು ಕರೆಯುವ ಈ ಕ್ರಮ ಈಗ ಅನೇಕ ಬೋಧಕರ ಆರಂಭಿಕ ಪಾಠ. ಹಳೆಯ ಪಾಠವನ್ನು ಬಿಡದವರೂ ಇದ್ದಾರೆ. ಎರಡು ಪಂಥಗಳ ಜಗಳ ಕರ್ಮಠರ ವಾದಕ್ಕಿಂತ ಕಡಿಮೆಯದಲ್ಲ.

ವಯಸ್ಸಿಗೆ ತಕ್ಕ ಅಳತೆಗಳು ಮೆಲ್ಲನೆ ರೂಪುಗೊಂಡವು. ಹತ್ತು ವರ್ಷದೊಳಗಿನವರಿಗೆ 11 ಇಂಚು ಸುತ್ತಳತೆಯ ಚೆಂಡು, 35 ಅಡಿ ದೂರ. ಹನ್ನೆರಡರೊಳಗಿನವರಿಗೆ 12 ಇಂಚಿನ ಚೆಂಡು, 40 ಅಡಿ. ಮಹಿಳೆಯರ ಕಾಲೇಜು ಆಟದಲ್ಲೂ ಮೊದಲು 40 ಅಡಿಯೇ ಇತ್ತು. ಬ್ಯಾಟರ್‌ಗಳಿಗೆ ಉಸಿರಾಡಲೂ ಬಿಡದೆ ಪಿಚರ್‌ಗಳೇ ಮೆರೆದಾಗ 1980ರ ದಶಕದ ಉತ್ತರಾರ್ಧದಲ್ಲಿ ಅದನ್ನು 43ಕ್ಕೆ ಏರಿಸಲಾಯಿತು. ಪ್ರೌಢಶಾಲೆಗಳು ಈ ದೂರಕ್ಕೆ ಬಂದದ್ದು 2010-11ರ ಶಾಲಾ ವರ್ಷದಲ್ಲಿ. ಎಸೆತಗಳ ಕಲಿಕೆಗೂ ಒಂದು ಅನುಕ್ರಮ ಬಂತು. ಸಾಮಾನ್ಯವಾಗಿ ಮೊದಲು ನೇರ ವೇಗದ ಎಸೆತ, ಆಮೇಲೆ ಅದೇ ತೋಳಿನ ವೇಗದಲ್ಲಿ ನಿಧಾನವಾಗಿ ಹೋಗುವ ಚೇಂಜ್‌ಅಪ್, ನಂತರ ಡ್ರಾಪ್‌ಬಾಲ್. ರೈಸ್‌ಬಾಲ್ ಕೊನೆಯದು, ಕಲಿಯಲು ಬಹಳ ಕಷ್ಟದ್ದು. ಹೆಸರಿಗೆ ತಕ್ಕಂತೆ ಅದು ಮೇಲೇಳುವುದೇನೂ ಇಲ್ಲ. ಹಿಮ್ಮುಖ ತಿರುಗಿನಿಂದಾಗಿ ಬ್ಯಾಟರ್ ನಿರೀಕ್ಷಿಸಿದಷ್ಟು ಕೆಳಗೆ ಬೀಳುವುದಿಲ್ಲ, ಅಷ್ಟೇ.

ಇಷ್ಟೆಲ್ಲ ನಡೆಯುವಾಗ ಒಂದು ನಂಬಿಕೆ ಮಾತ್ರ ಅಲುಗಾಡಲಿಲ್ಲ. ಅಂಡರ್‌ಆರ್ಮ್ ಸಹಜ ಚಲನೆ, ಅದರಿಂದ ತೋಳಿಗೆ ಹಾನಿಯಿಲ್ಲ, ಹುಡುಗಿ ಎಷ್ಟು ಬೇಕಾದರೂ ಎಸೆಯಬಹುದು ಎಂಬುದು ಆ ನಂಬಿಕೆ. ವಾರಾಂತ್ಯದ ಟೂರ್ನಿಗಳಲ್ಲಿ ಒಬ್ಬಳೇ ಹುಡುಗಿ ಬೆಳಗ್ಗೆಯಿಂದ ಸಂಜೆಯವರೆಗೆ ಪಂದ್ಯದ ಮೇಲೆ ಪಂದ್ಯ ಪಿಚ್ ಮಾಡುವುದು ವಾಡಿಕೆಯಾಯಿತು. ಇನ್ನೊಬ್ಬಳನ್ನು ತಯಾರು ಮಾಡುವುದಕ್ಕಿಂತ ಇರುವವಳನ್ನೇ ದುಡಿಸುವುದು ತರಬೇತುದಾರರಿಗೆ ಸುಲಭವಿತ್ತು. 1992ರಲ್ಲಿ ಪ್ರಕಟವಾದ ಕಾಲೇಜು ಪಿಚರ್‌ಗಳ ಸಮೀಕ್ಷೆಯೊಂದು ಗಾಯಗಳು ಅಪರೂಪವಲ್ಲವೆಂದು ತೋರಿಸಿತು. 2005ರಲ್ಲಿ ಎಳೆಯ ಪಿಚರ್‌ಗಳ ಮೇಲೆ ನಡೆದ ಅಧ್ಯಯನದಲ್ಲಿ, ಎಸೆಯುವಾಗ ಭುಜದ ಕೀಲನ್ನು ಹೊರಗೆಳೆಯುವ ಬಲ ಹುಡುಗಿಯ ದೇಹತೂಕದ ಹತ್ತಿರಕ್ಕೆ ಹೋಗುವುದು ಕಂಡುಬಂತು. ವಿಂಡ್‌ಮಿಲ್ ಎಸೆತದಲ್ಲಿ ಬೈಸೆಪ್ಸ್ ಸ್ನಾಯು ಓವರ್‌ಆರ್ಮ್ ಎಸೆತಕ್ಕಿಂತ ಹೆಚ್ಚು ದುಡಿಯುತ್ತದೆ ಎಂದು 2009ರ ಇನ್ನೊಂದು ಅಧ್ಯಯನ ಹೇಳಿತು. ಭುಜದ ಮುಂಭಾಗದ ನೋವಿನ ಗುಟ್ಟು ಅಲ್ಲಿತ್ತು. ಈ ಎರಡರ ನಡುವೆಯೇ, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಯೆನೊ ಎರಡು ದಿನಗಳಲ್ಲಿ 413 ಎಸೆತ ಎಸೆದು ಅಮೆರಿಕವನ್ನು ಮಣಿಸಿ ಚಿನ್ನ ಗೆದ್ದರು. ಅದು ಬೆರಗಿನ ಸಾಹಸವೇ. ಆದರೆ ಹದಿಮೂರರ ಹುಡುಗಿಗೆ ಅದನ್ನು ಆದರ್ಶವಾಗಿ ತೋರಿಸುವುದು ಅಪಾಯ.

ದುಡಿಸುವ ಒತ್ತಡಕ್ಕೆ ಕಾಲೇಜುಗಳ ಪೈಪೋಟಿಯೂ ಕಾರಣ. ಪ್ರೌಢಶಾಲೆಯ ಮೆಟ್ಟಿಲನ್ನೂ ಹತ್ತದ ಹುಡುಗಿಯರಿಂದ ಕಾಲೇಜುಗಳು ಬಾಯಿಮಾತಿನ ಒಪ್ಪಿಗೆ ಪಡೆಯುವ ಮಟ್ಟಿಗೆ ಅದು ಹೋಗಿತ್ತು. 2018ರಲ್ಲಿ ಎನ್‌ಸಿಎಎ ಇದಕ್ಕೆ ತಡೆ ಹಾಕಿ, ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ಕ್ಕಿಂತ ಮೊದಲು ಆಟಗಾರ್ತಿಯ ಜೊತೆ ಸೇರ್ಪಡೆಯ ಮಾತುಕತೆ ನಡೆಸಬಾರದೆಂದಿತು. ಹಣ ಮಾತ್ರ ಏರುತ್ತಲೇ ಹೋಯಿತು. 2024ರಲ್ಲಿ ಕ್ಯಾನ್ಸಸ್ ಮೂಲದ ಪಿಚರ್ ನೈಜರೀ ಕ್ಯಾನಡಿ ಹತ್ತು ಲಕ್ಷ ಡಾಲರ್ ಮೀರಿದ ಒಪ್ಪಂದದೊಂದಿಗೆ ಸ್ಟ್ಯಾನ್‌ಫರ್ಡ್‌ನಿಂದ ಟೆಕ್ಸಸ್ ಟೆಕ್‌ಗೆ ಹೋದರು. ಮರುವರ್ಷವೇ ಆ ತಂಡ ವಿಶ್ವ ಸರಣಿಯ ಫೈನಲ್ ತಲುಪಿತು.

ಎಸೆತಗಳ ಎಣಿಕೆಯ ವಿಷಯದಲ್ಲಿ ಹುಡುಗರಿಗೆ ಸಿಕ್ಕ ರಕ್ಷಣೆ ಹುಡುಗಿಯರಿಗೆ ಸಿಕ್ಕಿಲ್ಲ. ಲಿಟಲ್ ಲೀಗ್ 2007ರಲ್ಲಿ ಬೇಸ್‌ಬಾಲ್ ಪಿಚರ್‌ಗಳಿಗೆ ಎಸೆತಗಳ ಮಿತಿ ಹಾಕಿತು. ಪ್ರೌಢಶಾಲಾ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟವು 2017ರಿಂದ ಪ್ರತಿ ರಾಜ್ಯವೂ ಬೇಸ್‌ಬಾಲ್‌ಗೆ ಅಂಥ ಮಿತಿಯನ್ನು ಗೊತ್ತುಮಾಡಲೇಬೇಕೆಂದು ವಿಧಿಸಿತು. ಸಾಫ್ಟ್‌ಬಾಲ್‌ಗೆ ಆ ಕಡ್ಡಾಯ ಅನ್ವಯಿಸಲಿಲ್ಲ. ಹುಡುಗಿ ಎಷ್ಟು ಎಸೆಯಬೇಕೆಂಬುದು ಇಂದಿಗೂ ಬಹುಪಾಲು ಅವಳ ತರಬೇತುದಾರ ಮತ್ತು ಹೆತ್ತವರ ವಿವೇಚನೆಗೇ ಬಿಟ್ಟ ವಿಷಯವಾಗಿದೆ.