ಮಂಗನ ಕಾಯಿಲೆ ಮಂಗನಿಂದ ಬರುತ್ತದೆಯೇ? ಚಿತ್ರದ ಬಾಣ ಎಲ್ಲಿಂದ ಹೊರಟಿದೆ ನೋಡಿ

ಒಂದು ಕಡೆ ಮಂಗ, ಇನ್ನೊಂದು ಕಡೆ ಜ್ವರದಿಂದ ಮಲಗಿದ ಮನುಷ್ಯ, ನಡುವೆ ಒಂದು ಬಾಣ. ಮಂಗನ ಕಾಯಿಲೆ (ಕೆಎಫ್‌ಡಿ) ಬಗ್ಗೆ ಇಂಥ ಚಿತ್ರ ನಿಮ್ಮ ಮೊಬೈಲಿಗೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ನಿರ್ಣಯ: ಆ ಬಾಣ ತಪ್ಪು

ಮನುಷ್ಯರಿಗೆ ಈ ರೋಗ ತರುವುದು ಮುಖ್ಯವಾಗಿ ಉಣ್ಣಿಯ (ಉಣುಗು) ಕಡಿತ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಈ ವೈರಸ್ ಪತ್ತೆಯಾಯಿತು. ಹಾಗಾಗಿ ಮಂಗನ ಹೆಸರು ಅಂಟಿಕೊಂಡಿತು. ನಿಜಕ್ಕೂ ಮಂಗವೂ ನಮ್ಮಂತೆ ಬಲಿಪಶು. ಆದರೆ ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣಿಗಳು ಉದುರುತ್ತವೆ, ಆ ಜಾಗ ಅಪಾಯಕಾರಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ಸರಿಯಾದ ಚಿತ್ರವನ್ನು ಗುರುತಿಸುವುದು ಹೇಗೆ?

- ಕಾಲು ಎಣಿಸಿ: ಉಣ್ಣಿ ಕೀಟವಲ್ಲ, ಜೇಡದ ಬಳಗದ್ದು. ರೆಕ್ಕೆ ಇಲ್ಲ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಗೆ ಆರು ಕಾಲು, ಆಮೇಲೆ ಎಂಟು.
- ಗಾತ್ರ ನೋಡಿ: ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಎಳ್ಳಿನಷ್ಟು ಸಣ್ಣ ಎಳೆಯ ಉಣ್ಣಿ. ರಕ್ತ ಕುಡಿದು ಊದಿದ ಉಣ್ಣಿಯ ಚಿತ್ರ ಮಾತ್ರ ನೋಡಿದವರು ಮೈಮೇಲೆ ಅಂಥದ್ದನ್ನೇ ಹುಡುಕುತ್ತಾರೆ. ಸಣ್ಣದು ಕಣ್ತಪ್ಪುತ್ತದೆ.
- ಬಾಣ ನೋಡಿ: ಕಾಡಿನ ಇಲಿಯಂಥ ಸಣ್ಣ ಪ್ರಾಣಿಗಳು, ಮಂಗ, ಉಣ್ಣಿ ಇವುಗಳ ನಡುವೆ ವೈರಸ್ ಸುತ್ತುತ್ತಿರುತ್ತದೆ. ಮನುಷ್ಯನ ಕಡೆಗಿನ ಬಾಣ ಉಣ್ಣಿಯಿಂದ ಹೊರಡಬೇಕು.

ಬೆಳಗಾವಿಗೆ ಏನು ಸಂಬಂಧ?

2016ರಲ್ಲಿ ಗೋವಾದ ಗೋಡಂಬಿ ತೋಟಗಳಲ್ಲಿ ದುಡಿಯಲು ಹೋಗಿದ್ದ ಬೆಳಗಾವಿ ಜಿಲ್ಲೆಯ ಕಾರ್ಮಿಕರಲ್ಲಿ ಈ ರೋಗ ದೃಢಪಟ್ಟಿತ್ತು. ಖಾನಾಪುರದ ಕಾಡಿನಾಚೆಯೇ ಗೋವಾದ ಸತ್ತರಿ ತಾಲ್ಲೂಕು. ಅಲ್ಲಿ 2015ರಲ್ಲೇ ರೋಗ ಕಾಣಿಸಿಕೊಂಡಿತ್ತು. ಗೋಡಂಬಿ ಕೊಯ್ಲಿನ ಕಾಲದಲ್ಲೂ ಉಣ್ಣಿಗಳ ಕಾಟ ಇರುತ್ತದೆ. ಜ್ವರ ಹಿಡಿದು ಬೆಳಗಾವಿ ನಗರದ ಆಸ್ಪತ್ರೆಗೆ ಬಂದವರು "ಮಂಗವನ್ನು ನೋಡಿಯೇ ಇಲ್ಲ" ಎಂದುಕೊಂಡು ತೋಟದ ವಿಷಯ ಹೇಳದಿದ್ದರೆ, ವೈದ್ಯರಿಗೆ ಮೊದಲು ಡೆಂಗಿ ನೆನಪಾಗಬಹುದು. ತಪ್ಪು ಚಿತ್ರದಿಂದ ಆಗುವ ನಷ್ಟ ಇದೇ.

ಏನು ಮಾಡಬೇಕು?

- ಕಾಡು, ತೋಟಕ್ಕೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ. ತರಗೆಲೆ ಮೇಲೆ ಕೂರಬೇಡಿ.
- ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ, ಮೈಯೆಲ್ಲ ಪರೀಕ್ಷಿಸಿ.
- ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ಅಥವಾ ಪಂಚಾಯಿತಿಗೆ ತಿಳಿಸಿ.
- ಏಕಾಏಕಿ ಜ್ವರ, ತಲೆನೋವು, ವಿಪರೀತ ಮೈಕೈನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. "ಕಾಡಿಗೆ, ಗೋಡಂಬಿ ತೋಟಕ್ಕೆ ಹೋಗಿದ್ದೆ" ಎಂದು ಮೊದಲೇ ಹೇಳಿ. ಈ ವೈರಸ್ಸಿಗೆಂದೇ ಔಷಧಿ ಇಲ್ಲ, ಆದರೆ ಬೇಗ ಆರೈಕೆ ಸಿಕ್ಕರೆ ಹೆಚ್ಚಿನವರು ಗುಣವಾಗುತ್ತಾರೆ.

ಮಂಗನಿಂದ ಬಾಣ ಹೊರಟಿರುವ ಚಿತ್ರ ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ಕಳಿಸಿದವರಿಗೆ ಉಣ್ಣಿಯ ವಿಷಯ ತಿಳಿಸಿ.